ಹೆಣ್ಣುಮಕ್ಕಳ ಸಂಕಟದ ಸಿನಿಮಾ ನಿಜ ಹೇಳುತ್ತಿದೆಯಾ? ಹೀಗೆ ನೋಡಿ

ಕಟ್ಟುನಿಟ್ಟಿನ ಮನೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಕಥೆ ನೋಡಿ ಅಳು ಬಂತು ಅಂದಮಾತ್ರಕ್ಕೆ ಆ ಸಿನಿಮಾ ನಿಜ ಹೇಳಿತು ಅಂತಲ್ಲ. ಒಳ್ಳೆ ಹಿನ್ನೆಲೆ ಸಂಗೀತಕ್ಕೂ ಕಣ್ಣು ತುಂಬುತ್ತದೆ. ನಿಜ ಎಷ್ಟಿದೆ ಅಂತ ತಿಳಿಯಲು ನಾನು ಏನೇನು ನೋಡುತ್ತೇನೆ ಅಂತ ಹೇಳುತ್ತೇನೆ. ಉದಾಹರಣೆಗಳೆಲ್ಲ ಕನ್ನಡದವೇ.

ಹೊಡೆತ ಬಡಿತದ ದೃಶ್ಯ ಆಮೇಲೆ. ಮೊದಲು ಅಡುಗೆಮನೆ, ಹಿತ್ತಲು ನೋಡಿ. ಯಾರು ಕೊನೆಗೆ ಉಣ್ಣುತ್ತಾರೆ, ಹುಡುಗಿ ಯಾವ ಹೊಸ್ತಿಲವರೆಗೆ ಬರಬಹುದು, ಬೀಗದ ಕೈ ಯಾರ ಸೊಂಟದಲ್ಲಿದೆ. ದಬ್ಬಾಳಿಕೆ ದಿನಾ ನಡೆಯುವುದು ಅಲ್ಲಿ. ಬಟ್ಟೆಯನ್ನೂ ಗಮನಿಸಿ. ನಮ್ಮ ಕಡೆಯ ಹಳೇ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿದ ವಿಧವೆಯರು ಹೆಚ್ಚಾಗಿ ಉಡುತ್ತಿದ್ದದ್ದು ಕೆಂಪು ಸೀರೆ. ಅಂಥ ಮನೆಯ ಕಥೆಯಲ್ಲಿ ಬಿಳಿ ಸೀರೆ ಕಂಡರೆ ಕೇಳಿಕೊಳ್ಳಿ: ಇದು ಆ ಮನೆಯಿಂದ ಬಂತಾ, ಬೇರೆ ಸಿನಿಮಾದಿಂದ ಬಂತಾ?

ಆಮೇಲೆ, ಹುಡುಗಿಗೆ ಅಳುವುದು ಬಿಟ್ಟು ಬೇರೆ ಏನಾದರೂ ಇದೆಯಾ ನೋಡಿ. ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು 1983ರಲ್ಲಿ ಮಾಡಿದ 'ಫಣಿಯಮ್ಮ' ತೆಗೆದುಕೊಳ್ಳಿ. ಮದುವೆ ಅಂದರೇನು ಅಂತ ತಿಳಿಯುವ ಮೊದಲೇ ವಿಧವೆಯಾದ ಹುಡುಗಿ ಅವಳು. ಆದರೆ ಅವಳಿಗೆ ಅವಳದೇ ಯೋಚನೆ ಇದೆ. ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ, ತಾನು ಎಲ್ಲವನ್ನೂ ಅನುಭವಿಸಿದ ಫಣಿಯಮ್ಮ ಅವಳ ಕಡೆ ನಿಲ್ಲುತ್ತಾಳೆ. ನಿಜವಾದ ಮನುಷ್ಯರು ಹಾಗೆ ಇರುತ್ತಾರೆ.

ಎಲ್ಲ ತಪ್ಪನ್ನೂ ಒಬ್ಬ ದುಷ್ಟ ಗಂಡಸಿನ ತಲೆಗೆ ಕಟ್ಟಿದ ಸಿನಿಮಾ ಇದ್ದರೆ ಸ್ವಲ್ಪ ಅನುಮಾನಪಡಿ. ಮನೆಗಳಲ್ಲಿ ಬಾಗಿಲು ಹಾಕುವವರು ಬಹಳ ಸಲ ನಮ್ಮನ್ನು ಪ್ರೀತಿಸುವವರೇ, ಅಮ್ಮ, ಸೋದರತ್ತೆ, ಅಪ್ಪ. ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' (1977) ನನ್ನನ್ನು ಇವತ್ತಿಗೂ ಕಾಡುವುದು ಇದಕ್ಕೇ. ಯು. ಆರ್. ಅನಂತಮೂರ್ತಿ ಅವರ ಕಥೆ ಅದು. ವಿಧವೆ ಯಮುನಾ ಬಸುರಾಗುತ್ತಾಳೆ, ಬದುಕಿರುವ ಮಗಳಿಗೆ ಹೆತ್ತ ಅಪ್ಪನೇ ಶ್ರಾದ್ಧ ಮಾಡುತ್ತಾನೆ, ಮತ್ತೆ ಅದೇ ಅಪ್ಪ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಊರಿನವರಿಗೆ ಇದರಲ್ಲಿ ತಪ್ಪೇ ಕಾಣುವುದಿಲ್ಲ. ಇದನ್ನೆಲ್ಲ ನಾವು ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿಂದ. ಅವನಿಗೆ ಅವಳು ಬರೀ ಯಮುನಕ್ಕ.

ಕಥೆ ಯಾರದು ಅಂತಲೂ ನೋಡಿ. 'ಹಸೀನಾ' (2004) ಹುಟ್ಟಿದ್ದು ಹಾಸನದ ಬಾನು ಮುಷ್ತಾಕ್ ಅವರ ಕಥೆಯಿಂದ. ಕಥೆ ಮುಸ್ಲಿಂ ಮನೆಯದು, ಬಾನು ಅವರೂ ಅದೇ ಸಮುದಾಯದವರು, ವಕೀಲರೂ ಹೌದು. ಹಸೀನಾ ಧರ್ಮ ಬಿಟ್ಟು ಓಡುವುದಿಲ್ಲ, ಮಸೀದಿ ಮುಂದೆಯೇ ಕೂತು ಮುತವಲ್ಲಿಯಿಂದ, ಅಂದರೆ ಮಸೀದಿಯ ಆಡಳಿತ ನೋಡಿಕೊಳ್ಳುವವರಿಂದ, ನ್ಯಾಯ ಕೇಳುತ್ತಾಳೆ. ಹೊರಗಿನಿಂದ ಸುಮ್ನೆ ಕರುಣೆ ತೋರಿಸುವವರಿಗೆ ಇದು ಹೊಳೆಯುವುದು ಕಷ್ಟ. ಇದನ್ನು ನೋಡಿ 'ಅವರಲ್ಲಿ ಹೀಗೆ' ಅಂತ ಅನಿಸಿದರೆ ಅದೇ ವಾರ 'ಘಟಶ್ರಾದ್ಧ'ವನ್ನೂ ನೋಡಿ. ಇದು ಹಳೇ ಕಾಲದ್ದು ಅಂತ ಅನಿಸಿದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 21.3% ಜನರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಸಾಧ್ಯವಾದರೆ ಮನೆಯ ಹಿರಿಯ ಹೆಂಗಸರ ಜೊತೆ ಕೂತು ನೋಡಿ. ನಡುವೆ ನಿಲ್ಲಿಸಿ, ಹೀಗೇ ಇತ್ತಾ ಅಂತ ಕೇಳಿ, ಅವರು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ. 'ಫಣಿಯಮ್ಮ' ನೋಡುವಾಗ ನನ್ನ ಅಜ್ಜಿ ಅಳಲಿಲ್ಲ. ತನ್ನ ದೊಡ್ಡತ್ತೆಯ ನೆನಪು ಹೇಳಿದರು. ಕ್ಷೌರಿಕ ಮುಟ್ಟಿದ ಮೈಲಿಗೆ ಅಂತ ತಲೆ ಬೋಳಿಸಿದ ಕೂಡಲೇ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಳ್ಳಬೇಕಿತ್ತಂತೆ. ಮಾಗಿ ಚಳಿಯಲ್ಲೂ. ಆ ಬೆಳಿಗ್ಗೆ ಅತ್ತೆಯ ಹಲ್ಲು ಕಟಕಟ ಅನ್ನುವ ಸದ್ದು ಒಳಮನೆಗೆ ಕೇಳಿಸುತ್ತಿತ್ತಂತೆ.