ಗ್ಯಾಸ್ ಹಾಕಿಸುವ ಮೊದಲು ಫ್ರೀಜರ್ ಹಿಂದಿನ ಪ್ಲೇಟ್ ಬಿಚ್ಚಿ ನೋಡಿ

ಫ್ರಿಜ್ ಕೆಟ್ಟಿದೆ ಅಂತ ಮೊದಲು ಹೇಳಿದ್ದು ದೋಸೆ ಹಿಟ್ಟು. ರಾತ್ರಿ ಒಳಗಿಟ್ಟ ಹಿಟ್ಟು ಬೆಳಿಗ್ಗೆ ನೋಡಿದರೆ ಮುಚ್ಚಳ ಎತ್ತಿಕೊಂಡು ಉಕ್ಕಿ ಕೆಳಗಿನ ತಟ್ಟೆಗೆಲ್ಲ ಸುರಿದಿತ್ತು. ಹಾಲೂ ಹುಳಿ ವಾಸನೆ. ಆದರೆ ಮೇಲಿನ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗೇ ಇತ್ತು, ಬಟಾಣಿ ಪ್ಯಾಕೆಟ್ ಕಲ್ಲಿನ ಹಾಗಿತ್ತು. ಒಳಗಿಂದ ಆಗಾಗ ಟರ್‍ರ್ ಅಂತ ಏನೋ ಉಜ್ಜುವ ಸದ್ದು, ಬಾಗಿಲು ತೆಗೆದರೆ ನಿಂತುಹೋಗುತ್ತಿತ್ತು.

ನಮ್ಮದು ಉಡುಪಿ ಹತ್ತಿರದ ಮನೆ. ಫ್ರಿಜ್ ಡಬಲ್ ಡೋರ್, ಫ್ರಾಸ್ಟ್ ಫ್ರೀ (ಐಸ್ ತಾನೇ ಕರಗಿಸಿಕೊಳ್ಳುವಂಥದ್ದು), ಒಂಬತ್ತು ವರ್ಷ ಹಳೆಯದು. ರಿಪೇರಿಗೆ ಬಂದವರು ಕೆಳಗಿನ ಭಾಗಕ್ಕೆ ಕೈ ಹಾಕಿ ನೋಡಿ, 'ಗ್ಯಾಸ್ ಹೋಗಿದೆ, 2,800 ಆಗುತ್ತೆ' ಅಂದರು. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಅಮ್ಮ ಹಾಕಿಸಿಬಿಡು ಅಂದರು, ನಾನೂ ಒಪ್ಪಿಕೊಂಡಿದ್ದೆ.

ಅಷ್ಟರಲ್ಲಿ ಮಳೆಗೆ ಮರ ಲೈನ್ ಮೇಲೆ ಬಿದ್ದು ಒಂದೂವರೆ ದಿನ ಕರೆಂಟ್ ಇರಲಿಲ್ಲ. ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಟ್ಟೆವು. ಕರೆಂಟ್ ಬಂದ ಮೇಲೆ ನೋಡಿದರೆ ಕೆಳಗಡೆ ಹೊಸದರ ಹಾಗೆ ತಣ್ಣಗೆ! ಹತ್ತು ದಿನ ಹಾಗೇ ಇತ್ತು, ಆಮೇಲೆ ಮತ್ತೆ ಅದೇ ಹಾಡು. ಗ್ಯಾಸ್ ಸೋರಿದ ಫ್ರಿಜ್ ಕರೆಂಟ್ ಹೋದರೆ ಸರಿಯಾಗಲ್ಲ, ಅಲ್ವಾ? ಸರಿಯಾಗಿದೆ ಅಂದರೆ ಕರಗಿದ್ದು ಏನೋ ಇದೆ. ಅಲ್ಲಿಂದಲೇ ನಾನು ಗ್ಯಾಸ್ ಮಾತು ಬಿಟ್ಟು ಸ್ಕ್ರೂಡ್ರೈವರ್ ಹಿಡಿದದ್ದು.

ಪ್ಲಗ್ ತೆಗೆದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ತೆಗೆಯಬೇಕು. ಫ್ರೀಜರ್ ಒಳಗಿನ ಹಿಂಬದಿಯ ಪ್ಲಾಸ್ಟಿಕ್ ಪ್ಲೇಟ್‌ಗೆ ಎರಡು ಸ್ಕ್ರೂ ಇದ್ದವು, ಆದರೂ ಪ್ಲೇಟ್ ಬರಲಿಲ್ಲ, ಐಸ್‌ಗೆ ಅಂಟಿಕೊಂಡಿತ್ತು. ಇಲ್ಲಿ ಚಾಕು ಹಾಕಿ ಮೀಟಬೇಡಿ, ದಯವಿಟ್ಟು. ಹಿಂದಿರುವ ಕಾಯಿಲ್, ಅಂದರೆ ಗ್ಯಾಸ್ ಓಡಿ ತಣ್ಣಗಾಗುವ ಕೊಳವೆ, ತೆಳು ಅಲ್ಯೂಮಿನಿಯಂ, ಒಂದು ತೂತು ಬಿದ್ದರೆ ಇಲ್ಲದ ಗ್ಯಾಸ್ ಲೀಕ್ ನಾವೇ ಮಾಡಿದ ಹಾಗೆ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಇರೋದು ಆರ್600ಎ, ಅಂದರೆ ಐಸೋಬ್ಯುಟೇನ್, ಅಡುಗೆ ಗ್ಯಾಸ್ ತರಹವೇ ಬೆಂಕಿ ಹತ್ತುವಂಥದ್ದು. ಸ್ಟೀಲ್ ಪಾತ್ರೆಯಲ್ಲಿ ಬಿಸಿನೀರು ಇಟ್ಟು ಫ್ರೀಜರ್ ಬಾಗಿಲು ಮುಚ್ಚಿದೆ. ಮೂರು ಸಲ ನೀರು ಬದಲಾಯಿಸಿದ ಮೇಲೆ ಪ್ಲೇಟ್ ಕೈಗೆ ಬಂತು.

ಹಿಂದೆ ಕಾಯಿಲ್ಲೇ ಕಾಣಲಿಲ್ಲ. ಬರೀ ಬಿಳಿ ಗೋಡೆ. ಮೇಲಿಂದ ಕೆಳಗಿನವರೆಗೆ ಒಂದೇ ಸಮ, ಬೆರಳು ದಪ್ಪದ ಐಸ್, ಫ್ಯಾನಿನ ರೆಕ್ಕೆ ಅದಕ್ಕೆ ತಗುಲಿ ಒಂದು ಅರ್ಧಚಂದ್ರ ಕೆತ್ತಿತ್ತು. ಆ ಟರ್‍ರ್ ಸದ್ದು ಇದೇ.

ಈ ನೋಟವೇ ಅರ್ಧ ಉತ್ತರ. ಗ್ಯಾಸ್ ಕಡಿಮೆ ಆಗಿದ್ದರೆ ಕಾಯಿಲ್‌ನ ಮೊದಲ ಒಂದೆರಡು ಸುತ್ತಿಗೆ ಮಾತ್ರ ಐಸ್ ಹಿಡಿದಿರುತ್ತೆ, ಉಳಿದದ್ದು ಬೋಳು. ಎಲ್ಲ ಕಡೆ ದಪ್ಪಗೆ ಕಟ್ಟಿದ್ದರೆ ಗ್ಯಾಸ್ ಚೆನ್ನಾಗೇ ಇದೆ, ಐಸ್ ಕರಗಿಸುವ ಕೆಲಸ ನಿಂತಿದೆ ಅಂತ ಅರ್ಥ. ಈ ತರಹದ ಫ್ರಿಜ್‌ನಲ್ಲಿ ತಣ್ಣಗಾಗೋದು ಮೇಲಿನ ಒಂದೇ ಕಾಯಿಲ್‌ನಿಂದ, ಅಲ್ಲಿಂದ ಫ್ಯಾನ್ ಗಾಳಿ ತಳ್ಳಿದರೆ ಮಾತ್ರ ಕೆಳಗೆ ತಂಪು. ಐಸ್ ದಾರಿ ಮುಚ್ಚಿದರೆ ಕಾಯಿಲ್ ಪಕ್ಕದಲ್ಲೇ ಇರುವ ಫ್ರೀಜರ್ ಸ್ವಲ್ಪ ದಿನ ತಡೆದುಕೊಳ್ಳುತ್ತೆ, ಕೆಳಗಿನ ಹಾಲು ಒಡೆಯುತ್ತೆ.

ಐಸ್ ಕರಗಿಸೋಕೆ ಒಳಗೆ ಇರೋದು ನಾಲ್ಕು ಸಾಮಾನು: ಟೈಮರ್, ಹೀಟರ್, ಬೈಮೆಟಲ್, ಥರ್ಮಲ್ ಫ್ಯೂಸ್. ಟೈಮರ್ ಆರೆಂಟು ಗಂಟೆಗೊಮ್ಮೆ ಕಂಪ್ರೆಸರ್ ನಿಲ್ಲಿಸಿ ಇಪ್ಪತ್ತು–ಮೂವತ್ತು ನಿಮಿಷ ಹೀಟರ್‌ಗೆ ಕರೆಂಟ್ ಕೊಡುತ್ತೆ. ಕಾಯಿಲ್ ಸಾಕಷ್ಟು ಬೆಚ್ಚಗಾದ ಕೂಡಲೇ ಬೈಮೆಟಲ್ ಅನ್ನುವ ಸ್ವಿಚ್ ಹೀಟರನ್ನು ಕಟ್ ಮಾಡಬೇಕು. ಅದೂ ಕೈಕೊಟ್ಟರೆ ಕೊನೆಗೆ ಫ್ಯೂಸ್ ಸುಟ್ಟು ಪ್ಲಾಸ್ಟಿಕ್ ಕರಗದ ಹಾಗೆ ಉಳಿಸುತ್ತೆ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಇನ್ವರ್ಟರ್ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಟೈಮರ್ ಇರಲ್ಲ, ಬೈಮೆಟಲ್ ಜಾಗದಲ್ಲಿ ಸೆನ್ಸರ್, ಅದರ ಪರೀಕ್ಷೆ ಬೇರೆ.

ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಹೀಟರ್ 350 ಓಮ್ ಆಸುಪಾಸು ತೋರಿಸಿತು. 230 ವೋಲ್ಟ್‌ಗೆ 150 ವ್ಯಾಟ್ ಹೀಟರ್ ಅಂದರೆ ಲೆಕ್ಕವೂ ಅಷ್ಟೇ ಬರುತ್ತೆ, ಹಾಗಾಗಿ ಅದು ಚೆನ್ನಾಗಿದೆ. ಫ್ಯೂಸ್‌ಗೆ ಹಿಡಿದರೆ ಬೀಪ್ ಇಲ್ಲ, ಅಂದರೆ ಕರೆಂಟ್ ಹೋಗುವ ದಾರಿ ಕಡಿದಿದೆ. ಅದು ಯಾವಾಗಲೂ ಬೀಪ್ ಆಗಲೇಬೇಕು, ಇಲ್ಲ ಅಂದರೆ ಸುಟ್ಟಿದೆ. ಬೈಮೆಟಲ್‌ಗೆ ಹಿಡಿದೆ, ಬೀಪ್ ಅಂತು. ಇದು ಸರಿಯಿದೆ, ಬರೀ ಫ್ಯೂಸ್ ಅಂದುಕೊಂಡು ಪೇಟೆಗೆ ಹೊರಡೋಕೆ ಚಪ್ಪಲಿ ಹಾಕಿಕೊಂಡಿದ್ದೆ.

ಆಮೇಲೆ ತಲೆಗೆ ಹೊಳೆಯಿತು. ಬೈಮೆಟಲ್ ತಣ್ಣಗಿದ್ದಾಗ ಬೀಪ್ ಆಗಬೇಕು, ಬೆಚ್ಚಗಿದ್ದಾಗ ಸುಮ್ನಿರಬೇಕು. ಅದು ಆಗ ನನ್ನ ಅಂಗೈಯಲ್ಲಿ ಬೆಚ್ಚಗೆ ಕೂತಿತ್ತು! ಒಳಗೆ ಅಂಟಿಕೊಂಡುಬಿಟ್ಟಿದೆ, ಹೀಟರನ್ನು ಕಟ್ ಮಾಡುತ್ತಲೇ ಇರಲಿಲ್ಲ, ಅದಕ್ಕೇ ಫ್ಯೂಸ್ ಸುಟ್ಟಿದ್ದು. ಬರೀ ಫ್ಯೂಸ್ ಹಾಕಿದ್ದರೆ ಅದೂ ಸುಟ್ಟುಹೋಗುತ್ತಿತ್ತು.

ಬಿಡಿಭಾಗದ ಅಂಗಡಿಯಲ್ಲಿ ಎರಡೂ ಸೇರಿ 350 ರೂಪಾಯಿ. ಹಳೆಯದನ್ನು ತೆಗೆದುಕೊಂಡೇ ಹೋಗಿ, ಅದರ ಮೇಲೆ ಬರೆದ ಅಂಕಿ ನೋಡಿ ಅಂಥದ್ದನ್ನೇ ತರಬೇಕು. 'ಫ್ಯೂಸ್ ಯಾಕೆ, ಡೈರೆಕ್ಟ್ ಜಾಯಿಂಟ್ ಮಾಡಿ' ಅಂತ ಅಲ್ಲಿದ್ದ ಒಬ್ಬರು ಹೇಳಿದರು. ಖಂಡಿತ ಮಾಡಬೇಡಿ. ಎಲ್ಲರೂ ಮಲಗಿರುವಾಗ ಪ್ಲಾಸ್ಟಿಕ್ ಡಬ್ಬದೊಳಗೆ ಹೀಟರ್ ಉರಿಯುವ ಸಾಮಾನು ಇದು.

ಹೊಸ ಬೈಮೆಟಲನ್ನೂ ನಂಬದೆ ಪರೀಕ್ಷೆ ಮಾಡಿದೆ. ಬರೀ ಐಸ್ ಸಾಲದು, ಅದು ಸೊನ್ನೆ ಡಿಗ್ರಿ, ಇದಕ್ಕೆ ಅದಕ್ಕಿಂತ ಕೆಳಗೆ ಬೇಕು. ಕುಲ್ಫಿಯವರು ಮಾಡುವ ಹಾಗೆ ಐಸ್ ಪುಡಿಗೆ ಹಿಡಿ ಉಪ್ಪು ಬೆರೆಸಿ, ಬೈಮೆಟಲ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ ಅದರಲ್ಲಿ ಹೂತಿಟ್ಟೆ. ಐದಾರು ನಿಮಿಷಕ್ಕೆ ಒಳಗೆ ಸಣ್ಣಗೆ ಟಿಕ್ ಅಂತು, ಮೀಟರ್ ಬೀಪ್ ಅಂತು.

ಜೋಡಿಸುವ ಮೊದಲು ಕಾಯಿಲ್ ಕೆಳಗಿನ ನೀರು ಹೋಗುವ ತೂತಿಗೆ ಬೆಚ್ಚಗಿನ ನೀರು ಬಿಟ್ಟೆ, ಅದೂ ಐಸ್ ಕಟ್ಟಿ ಮುಚ್ಚಿತ್ತು. ನಿಮ್ಮಲ್ಲಿ ತರಕಾರಿ ಡಬ್ಬದ ಕೆಳಗೆ ನೀರು ನಿಲ್ಲುತ್ತಿದ್ದರೆ, ಬೇರೆಲ್ಲ ಸರಿ ಇದ್ದರೆ, ಮೊದಲು ಈ ತೂತು ನೋಡಿ. ಬಾಗಿಲಿನ ರಬ್ಬರ್‌ಗೆ ಒಂದು ನೋಟು ಸಿಕ್ಕಿಸಿ ಎಳೆದೆ, ಬಿಗಿಯಾಗಿತ್ತು. ಸಿಂಗಲ್ ಡೋರ್ ಫ್ರಿಜ್ ಇದ್ದವರಿಗೆ ಈ ಕಷ್ಟ ಇಲ್ಲ, ಅಲ್ಲಿ ಐಸ್ ಕಟ್ಟೋದು ಸಹಜ, ಕಾಲು ಇಂಚು ದಪ್ಪ ಆಗುವಾಗ ತಂಪು ಹೆಚ್ಚು ಕಡಿಮೆ ಮಾಡುವ ತಿರುಪಿನ ಮಧ್ಯದ ಬಟನ್ ಒತ್ತಿದರೆ ಆಯಿತು.

ಎಲ್ಲ ಹಾಕಿ, ಫ್ರಿಜ್ ಒಂದು ದಿನ ಓಡಲಿ ಅಂತ ಬಿಟ್ಟು, ಪ್ಲಗ್ ತೆಗೆದು ಟೈಮರ್‌ನ ತಿರುಪನ್ನು ಸ್ಕ್ರೂಡ್ರೈವರ್‌ನಿಂದ ಟಕ್ ಅನ್ನುವ ತನಕ ತಿರುಗಿಸಿ ಮತ್ತೆ ಪ್ಲಗ್ ಹಾಕಿದೆ. ಕಂಪ್ರೆಸರ್ ಓಡಲಿಲ್ಲ, ಫ್ಯಾನೂ ಇಲ್ಲ. ಹಿಂದೆ ಕಿವಿಯಿಟ್ಟು ಕೂತೆ. ಹತ್ತು ನಿಮಿಷದ ಮೇಲೆ ಹಿಂದಿನ ತಟ್ಟೆಗೆ ಟಪ್, ಟಪ್ ಅಂತ ನೀರು ಬೀಳತೊಡಗಿತು. ಅಮ್ಮನನ್ನೂ ಕರೆದು ಕೇಳಿಸಿದೆ.

ಇಪ್ಪತ್ತು ದಿನ ಕಳೆದು ಪ್ಲೇಟ್ ಮತ್ತೊಮ್ಮೆ ಬಿಚ್ಚಿದೆ. ಕಾಯಿಲ್ ಮೇಲೆ ಚಿರೋಟಿ ರವೆ ಉದುರಿಸಿದಷ್ಟು ಬಿಳಿ, ಕಾಯಿಲ್ಲಿನ ತಗಡಿನ ರೆಕ್ಕೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಎರಡು ಸ್ಕ್ರೂ ಹಾಕಿ ಮುಚ್ಚಿದೆ.