ಆಮೆ ಎಷ್ಟು ತಿರುಗಬೇಕು?

ಕೊಪ್ಪಳ ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ಕಂಪ್ಯೂಟರಿಗೆಂದೇ ಬೇರೆ ಶಿಕ್ಷಕರಿಲ್ಲ. ಲ್ಯಾಬಿನ ಕೀಲಿ ಗಣಿತದ ಟೀಚರಾದ ನನ್ನ ಕೈಯಲ್ಲೇ. ಅದಕ್ಕೇ ಟೈಮ್‌ಟೇಬಲ್ ಹಾಕುವಾಗ ಒಂಬತ್ತನೆಯವರ ರೇಖಾಗಣಿತ, ಲ್ಯಾಬ್ ಎರಡೂ ಒಂದೇ ದಿನ ಬರುವಂತೆ ಕೇಳಿ ಹಾಕಿಸಿಕೊಳ್ಳುತ್ತೇನೆ. ಲ್ಯಾಬ್ ಮೊದಲು, ಬೋರ್ಡು ಆಮೇಲೆ. ಮಧ್ಯಾಹ್ನದ ಕರೆಂಟನ್ನು ನಂಬುವಂತಿಲ್ಲ, ಯುಪಿಎಸ್ ಬ್ಯಾಟರಿಗೂ ವಯಸ್ಸಾಗಿದೆ ಅನ್ನುವುದು ಇನ್ನೊಂದು ಕಾರಣ.

ಲ್ಯಾಬಿನ ಕಂಪ್ಯೂಟರುಗಳನ್ನು ನಡೆಸುವ ಉಬುಂಟುವಿನಲ್ಲಿ ಕೆಟರ್ಟಲ್ ಅನ್ನುವ ಪ್ರೋಗ್ರಾಮ್ ತೆಗೆಸುತ್ತೇನೆ. ಅಮೆರಿಕದಲ್ಲಿ 1967ರಲ್ಲಿ ಮಕ್ಕಳಿಗೆಂದೇ ಹುಟ್ಟಿದ ಲೋಗೋ ಭಾಷೆಯ ವಂಶದ್ದು. ಪರದೆಯ ಮೇಲೊಂದು ಆಮೆ. ‘ಫಾರ್ವರ್ಡ್ 100’ ಅಂದರೆ ಗೆರೆ ಎಳೆಯುತ್ತ ಮುಂದೆ ಹೋಗುತ್ತದೆ, ‘ಟರ್ನ್‌ರೈಟ್ 90’ ಅಂದರೆ ಬಲಕ್ಕೆ ಹೊರಳುತ್ತದೆ. ಚೌಕ ಎಲ್ಲರಿಗೂ ಬರುತ್ತದೆ. ಚೌಕದಲ್ಲಿ ಒಳಕೋನವೂ 90, ಹೊರಕೋನವೂ 90. ಹಾಗಾಗಿ ಏನು ತಿಳಿದಿದೆ, ಏನು ತಿಳಿದಿಲ್ಲ ಅನ್ನುವುದು ಅಲ್ಲಿ ಹೊರಬೀಳುವುದಿಲ್ಲ. ಸಮಬಾಹು ತ್ರಿಭುಜ ಬಿಡಿಸ್ರಿ ಅಂದಾಗ ಬೀಳುತ್ತದೆ. ಒಳಕೋನ 60 ಅಲ್ಲವೇ, ಎಲ್ಲರೂ 60 ಹೊಡೆಯುತ್ತಾರೆ.

“ಟೀಚರ್, ಗೆರಿ ಕೂಡವಲ್ದ್ರಿ!”

“ಇನ್ನ ಮೂರು ಸಲ ಓಡಸ್ರಿ, ಏನಾಗ್ತೈತಿ ನೋಡೂಣು.”

ಷಡ್ಭುಜ ಬರುತ್ತದೆ. ಗದ್ದಲವೋ ಗದ್ದಲ. ಉತ್ತರ ಮಾತ್ರ ನಾನು ಹೇಳುವುದಿಲ್ಲ. ಒಬ್ಬಳನ್ನು ವರಾಂಡಕ್ಕೆ ಕರೆದು, ಸೀಮೆಸುಣ್ಣದಲ್ಲಿ ಬಿಡಿಸಿದ ತ್ರಿಭುಜದ ಗೆರೆಯ ಮೇಲೆ ನಡೆಸುತ್ತೇನೆ. ಮೂಲೆಗೆ ಬಂದ ಕೂಡಲೇ ನಿಲ್ಲಿಸಿ, ಎರಡೂ ಕೈ ನೇರ ಮುಂದಕ್ಕೆ ಚಾಚಲು ಹೇಳುತ್ತೇನೆ. ಎಡಗೈ ಅಲ್ಲೇ ಇರಲಿ, ಬಲಗೈ ಮಾತ್ರ ಮುಂದಿನ ಗೆರೆಯ ಕಡೆ ಹೊರಳಲಿ. ಬಲಗೈ ಪಕ್ಕಕ್ಕೆ ಹೋಗಿ, ಅದನ್ನೂ ದಾಟಿ ಹಿಂದಕ್ಕೆ ಎಳೆಯುತ್ತದೆ. “ಭಾಳ ತಿರಗಬೇಕ್ರಿ!” ಆ ಎರಡು ಕೈಗಳ ನಡುವಿನದೇ ಬಾಹ್ಯಕೋನ. ಮೂರೂ ಮೂಲೆ ತಿರುಗಿ ಬಂದರೆ ಮುಖ ಮತ್ತೆ ಹೊರಟ ದಿಕ್ಕಿಗೇ, ಅಂದರೆ 360. ಮೂರರಿಂದ ಭಾಗಿಸುವುದನ್ನು ಯಾರಾದರೊಬ್ಬರು ಕೂಗಿಯೇ ಬಿಡುತ್ತಾರೆ.

ರೇಖಾಗಣಿತಕ್ಕೆ ಬಳಸುವ ಜಿಯೋಜೀಬ್ರಾ ಅನ್ನುವ ತಂತ್ರಾಂಶದ ಸಿದ್ಧ ಚಿತ್ರಗಳೂ ಚೆಂದವೇ. ಆದರೆ ಅಲ್ಲಿ ಮಕ್ಕಳು ನೋಡುವುದೇ ಹೆಚ್ಚು, ಮಾಡುವುದು ಕಡಿಮೆ ಅಂತ ನನಗನ್ನಿಸುತ್ತದೆ.

ಮುಂದಿನ ಪಿರಿಯಡ್ ಬೋರ್ಡಿನದು. ದತ್ತ, ಸಾಧನೀಯ, ರಚನೆ, ಸಾಧನೆ. ತ್ರಿಭುಜದ ಬಾಹ್ಯಕೋನವು ಅಂತರಾಭಿಮುಖ ಕೋನಗಳ, ಅಂದರೆ ಎದುರಿನ ಎರಡು ಒಳಕೋನಗಳ ಮೊತ್ತಕ್ಕೆ ಸಮ ಎಂಬ ಪ್ರಮೇಯವನ್ನು ಪೂರ್ತಿ ಬರೆದು, ನಡುವಿನ ಒಂದು ಸಾಲು ಅಳಿಸಿಬಿಡುತ್ತೇನೆ. “ಈಗ ಇದು ಓಡ್ತೈತೇನು?” ಗೈಡ್ ನೋಡಿ ಬಾಯಿಪಾಠ ಮಾಡಿದವರು ಮುಂದಿನ ಸಾಲನ್ನು ಹಾಗೇ ಒಪ್ಪಿಸುತ್ತಾರೆ. ಬೆಳಿಗ್ಗೆ ಆಮೆ ಓಡಿಸಿದವರು ತಡೆಯುತ್ತಾರೆ: “ಅಲ್ಲೇ ನಿಲ್ತೈತ್ರಿ, 180 ಎಲ್ಲಿಂದ ಬಂತು ಅಂತ ಹೇಳಿಲ್ರಿ.”

ಹತ್ತನೆಯವರಿಗೆ ಕೊಡುವ ಕೆಲಸ ಬೇರೆ. ಪಕ್ಕದ ಗದಗ ಜಿಲ್ಲೆಯ ಡಂಬಳದಲ್ಲಿ ದೊಡ್ಡಬಸಪ್ಪ ಗುಡಿಯಿದೆ, ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ, ಪ್ರತಿ ಮೂಲೆಯೂ ಲಂಬಕೋನ. ಒಂದೇ ಚೌಕವನ್ನು ಅದರ ಕೇಂದ್ರದ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಬಿಡಿಸಿದರೆ ಆ ಆಕಾರ ಸಿಗುತ್ತದೆ. ಮಕ್ಕಳು ಮೊದಲು ಚೌಕವನ್ನು ಮೂಲೆ ಹಿಡಿದು ತಿರುಗಿಸುತ್ತಾರೆ, ಎಲ್ಲ ಒಂದೇ ಕಡೆ ವಾಲಿದ ಬೀಸಣಿಗೆ ಬರುತ್ತದೆ. ಕೇಂದ್ರದಿಂದ ಮೂಲೆಗೆ ಎಷ್ಟು ದೂರ ಅನ್ನುವ ಪ್ರಶ್ನೆ ಆಗ ತಾನಾಗಿ ಏಳುತ್ತದೆ, ಪೈಥಾಗೊರಸ್ ಬೇಕಾಗುತ್ತಾನೆ. ಬಾಹು 100 ಆದರೆ ವಿಕರ್ಣ 141.4, ಅದರರ್ಧ 70.7. ಪೆನ್ನು ಎತ್ತಿ 70.7 ಹೋಗು, 135 ಹೊರಳು, ಪೆನ್ನಿಳಿಸಿ ಚೌಕ ಬಿಡಿಸು, ಬಂದ ದಾರಿಯಲ್ಲೇ ವಾಪಸ್ಸಾಗು, 15 ತಿರುಗು.

ಮೊನ್ನೆ ಒಂದು ಗುಂಪು ಗುಡಿಯನ್ನು ಸಣ್ಣದು ಮಾಡಲು ಬಾಹು 100 ಇದ್ದದ್ದನ್ನು 60 ಮಾಡಿತು, 70.7 ಹಾಗೇ ಉಳಿಯಿತು. ಚೌಕಗಳೆಲ್ಲ ಕೇಂದ್ರ ಬಿಟ್ಟು ಚೆಲ್ಲಾಪಿಲ್ಲಿ. ಬರುವ ವಾರ ಅವರಿಗೆ ವೇರಿಯಬಲ್, ಅಂದರೆ ಸಂಖ್ಯೆಗೊಂದು ಹೆಸರಿಟ್ಟು ಒಂದೇ ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುವ ಉಪಾಯ, ಹೇಳಿಕೊಡಬೇಕು.