ಎರಡು ನಿಮಿಷದಲ್ಲಿ ಅಡ್ಡಪರಿಣಾಮಕ್ಕೂ ಜಾಗ

ದಾವಣಗೆರೆಯನ್ನು ಕೇಂದ್ರವಾಗಿಟ್ಟುಕೊಂಡು ಹರಿಹರ, ಚಿತ್ರದುರ್ಗಗಳಿಗೆ ಓಡಾಡುತ್ತ, ಕಂಪನಿಯ ಔಷಧಗಳನ್ನು ವೈದ್ಯರಿಗೆ ಪರಿಚಯಿಸುವ ಮೆಡಿಕಲ್ ರೆಪ್ ನಾನು. ಮಧ್ಯಾಹ್ನ ರೋಗಿಗಳ ಸಾಲು ಕರಗುವವರೆಗೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, ಕಾಂಪೌಂಡರ್ ಸನ್ನೆ ಮಾಡಿದೊಡನೆ ಒಳಹೋಗಿ, ಸಿಕ್ಕ ಎರಡು ನಿಮಿಷದಲ್ಲಿ ವಿಷುವಲ್ ಏಡ್ (ಔಷಧದ ಬಗ್ಗೆ ಕಂಪನಿ ಕೊಡುವ ಹೊಳಪು ಚಿತ್ರಹಾಳೆ) ತೆರೆದು ಬಾಯಿಪಾಠ ಒಪ್ಪಿಸುವುದೇ ಕೆಲಸವೆಂದು ಬಹುಕಾಲ ನಂಬಿದ್ದೆ.

ಆ ಬಾಯಿಪಾಠ ಪಿ.ಜೆ. ಬಡಾವಣೆಯ ಹಿರಿಯ ವೈದ್ಯರೊಬ್ಬರೆದುರು ನಿಂತುಹೋಯಿತು. ರಕ್ತದೊತ್ತಡದ ಆಮ್ಲೋಡಿಪಿನ್ ಮಾತ್ರೆಯನ್ನು ನಾನು ‘ಸುರಕ್ಷಿತ’ ಎಂದೊಡನೆ ಅವರು, “ಹತ್ತು ಮಿಲಿಗ್ರಾಂ ಕೊಟ್ಟರೆ ಎಷ್ಟು ಜನರ ಪಾದ ಊದುತ್ತದೆ, ಹೇಳಿ ನೋಡೋಣ” ಎಂದರು. ನನ್ನ ಹೊಳಪು ಹಾಳೆಯಲ್ಲಿ ಅದಿರಲಿಲ್ಲ. ಅಂದು ರಾತ್ರಿ ಔಷಧದ ಮಾಹಿತಿಪತ್ರವನ್ನು ಮಡಿಕೆ ಬಿಡಿಸಿ, ಇರುವೆಸಾಲಿನಂಥ ಅಕ್ಷರಗಳನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಪ್ರಯೋಗಗಳಲ್ಲಿ 5 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ. 3ರಷ್ಟು, 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಸುಮಾರು ಶೇ. 11ರಷ್ಟು ಜನರಿಗೆ ಊತ ಬಂದಿತ್ತು. ಮುಂದಿನ ಭೇಟಿಯಲ್ಲಿ ಮೊದಲು ಹೇಳಿದ್ದೇ ಅದನ್ನು. “ಹಾಗಾದರೆ ಐದರಲ್ಲೇ ಇಟ್ಟು ನೋಡೋಣ” ಎಂದಷ್ಟೇ ಅಂದು ಅವರು ಮುಂದಿನ ರೋಗಿಯನ್ನು ಕರೆದರು.

ಅಂದಿನಿಂದ ಹೊಸ ವಿಷುವಲ್ ಏಡ್ ಕೈಗೆ ಬಂದರೆ, ಅದರ ಸ್ತಂಭಚಿತ್ರ ಸೊನ್ನೆಯಿಂದ ಆರಂಭವಾಗಿದೆಯೇ ಎಂದು ಮೊದಲು ನೋಡುತ್ತೇನೆ; ಇಲ್ಲದಿದ್ದರೆ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ‘ಅಪಾಯ ಶೇ. 50 ಇಳಿಕೆ’ ಎಂದಿದ್ದರೆ, ನೂರರಲ್ಲಿ ಇಬ್ಬರಿಗೆ ಆಗುತ್ತಿದ್ದದ್ದು ಒಬ್ಬರಿಗೆ ಇಳಿದಿದೆಯೋ, ನಲವತ್ತು ಜನರಿಗೆ ಆಗುತ್ತಿದ್ದದ್ದು ಇಪ್ಪತ್ತಕ್ಕೆ ಇಳಿದಿದೆಯೋ ಎಂಬುದನ್ನು ಮೂಲ ಅಧ್ಯಯನದಲ್ಲಿ ಹುಡುಕಿ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಇದನ್ನೆಲ್ಲ ವೈದ್ಯರಿಗೂ ಹೇಳಿದ್ದರಿಂದ ಒಮ್ಮೊಮ್ಮೆ ತಿಂಗಳ ಮಾರಾಟದ ಟಾರ್ಗೆಟ್ ತಪ್ಪಿ, ಮ್ಯಾನೇಜರರಿಂದ ಬೈಸಿಕೊಂಡದ್ದೂ ಉಂಟು.

ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರಾಟ ಸಂಹಿತೆ ‘ಸುರಕ್ಷಿತ’ ಎಂಬ ಪದವನ್ನು ವಿವರಣೆಯಿಲ್ಲದೆ ಬಳಸಬಾರದೆಂದಿದೆ. ಒಬ್ಬ ವೈದ್ಯರಿಗೆ ಒಂದು ಔಷಧದ ಸ್ಯಾಂಪಲ್ ವರ್ಷಕ್ಕೆ 12 ಪೊಟ್ಟಣ ಮೀರಬಾರದೆಂದೂ ಮಿತಿ ಹಾಕಿದೆ. ಸ್ಯಾಂಪಲ್ ಲೆಕ್ಕ ಇಡುವುದು ಸುಲಭ, ಬಾಯಿಮಾತಿನ ಲೆಕ್ಕವೇ ಕಷ್ಟ.

ವೈದ್ಯರಿಂದ ಕಂಪನಿಗೆ ಹೋಗಬೇಕಾದ ಮಾಹಿತಿಯನ್ನಂತೂ ನಾನು ವರ್ಷಗಟ್ಟಲೆ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಚಿತ್ರದುರ್ಗದ ವೈದ್ಯೆಯೊಬ್ಬರು ಕಳೆದ ಬಾರಿ, ರಕ್ತದೊತ್ತಡದ ರಾಮಿಪ್ರಿಲ್ ಮಾತ್ರೆ ಆರಂಭಿಸಿದ ಮೇಲೆ ಒಬ್ಬ ರೋಗಿಗೆ ಒಣಕೆಮ್ಮು ಬಿಡುತ್ತಿಲ್ಲವೆಂದರು. ಅದು ಆ ಗುಂಪಿನ ಔಷಧಗಳಿಗೆ ಗೊತ್ತಿರುವ ತೊಂದರೆಯೇ ಎಂದು ಸುಮ್ಮನಾಗದೆ, ಬ್ಯಾಚ್ ಸಂಖ್ಯೆ, ಆರಂಭಿಸಿದ ದಿನಾಂಕಗಳನ್ನು ಕೇಳಿ ಬರೆದುಕೊಂಡು ಕಂಪನಿಯ ಸುರಕ್ಷತಾ ವಿಭಾಗಕ್ಕೆ ಅಂದೇ ಕಳುಹಿಸಿದೆ. ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಸಹಾಯವಾಣಿ 1800-180-3024 ಅನ್ನು ಅವರ ಚೀಟಿಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟು ಬಂದೆ.